ದೋಣಿ ಇಲ್ಲದ ಕೋಲಾರದಲ್ಲಿ ಪ್ರೊಪೆಲ್ಲರ್ ಪ್ರಶ್ನೆ: ಕಂಚಾ, ಸ್ಟೀಲಾ, ಪ್ಲಾಸ್ಟಿಕ್ಕಾ?

ಇವತ್ತಿನ ಸಂಚಿಕೆ ಒಂದು ಸಣ್ಣ ಪ್ರಶ್ನೆಯಿಂದ ಶುರು. ಒಂದು ಪುಟ್ಟ ದೋಣಿ ಇದೆ ಅಂದ್ಕೊಳ್ಳಿ. ಹಿಂದೆ ಸಿಕ್ಕಿಸಿರೋ ಔಟ್‌ಬೋರ್ಡ್ ಮೋಟರು. ಅದರ ತುದಿಯಲ್ಲಿ ನೀರೊಳಗೆ ತಿರುಗೋ ಪ್ರೊಪೆಲ್ಲರ್ ಯಾವುದರಲ್ಲಿ ಮಾಡಿದ್ರೆ ಒಳ್ಳೇದು? ಅಲ್ಯೂಮಿನಿಯಮ್ಮಾ, ಸ್ಟೀಲಾ, ಕಂಚಾ, ಪ್ಲಾಸ್ಟಿಕ್ಕಾ?

ಮಲ್ಪೆಯಲ್ಲೋ ಕಾರವಾರದಲ್ಲೋ ಕೇಳಿದ್ರೆ ದಡದ ಮೇಲೆ ಕೂತವರು ಒಬ್ಬೊಬ್ಬರು ಒಂದೊಂದು ಉತ್ತರ ಕೊಡ್ತಾರೆ. ನಮ್ಮ ಕೋಲಾರದಲ್ಲಿ ಕೇಳಿದ್ರೆ "ನಮ್ಮೂರಲ್ಲಿ ದೋಣಿ ಎಲ್ಲೈತಪ್ಪಾ?" ಅಂತ ನಗ್ತಾರೆ. ನಗಲಿ, ತಪ್ಪಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕೂ ತಾಲ್ಲೂಕಲ್ಲಿ ವರ್ಷಪೂರ್ತಿ ಹರಿಯೋ ಒಂದು ನದಿ ಇಲ್ಲ. ಪಾಲಾರ್ ಅಂತ ಒಂದು ಹೆಸರಿದೆ, ಅದೂ ಮಳೆ ಬಂದಾಗ ಕೆರೆಯಿಂದ ಕೆರೆಗೆ ಇಳ್ಕೊಂಡು ಹೋಗೋ ನದಿ.

ಆದ್ರೆ ಕೇಳಿ, ಇದೇ ಪ್ರಶ್ನೆಯನ್ನ ನಮ್ಮ ಜಿಲ್ಲೆಯ ರೈತರು ದಿನಾ ಎದುರಿಸ್ತಾರೆ. ದೋಣಿಯ ಹಿಂದೆ ಅಲ್ಲ, ಸಾವಿರ ಅಡಿ ಕೆಳಗೆ, ಬೋರ್‌ವೆಲ್ ಒಳಗೆ. ಅಲ್ಲಿ ಮೋಟರಿನ ಮೇಲೆ ಸಾಲಾಗಿ ಜೋಡಿಸಿರೋ ಪುಟ್ಟ ಚಕ್ರಗಳಿಗೆ ಇಂಪೆಲ್ಲರ್ ಅಂತಾರೆ. ಪ್ರೊಪೆಲ್ಲರ್‌ಗೆ ಇದು ದಾಯಾದಿ. ಪ್ರೊಪೆಲ್ಲರ್ ನೀರನ್ನ ಹಿಂದಕ್ಕೆ ತಳ್ಳಿ ತಾನು ದೋಣಿಯ ಸಮೇತ ಮುಂದಕ್ಕೆ ಹೋಗತ್ತೆ. ಇಂಪೆಲ್ಲರ್ ಕೂತ ಜಾಗ ಬಿಡಲ್ಲ, ನೀರನ್ನ ಮಾತ್ರ ಕಳಿಸತ್ತೆ. ಎರಡಕ್ಕೂ ಶತ್ರುಗಳು ಒಂದೇ: ಮರಳು, ತುಕ್ಕು, ಪೆಟ್ಟು, ಬಿಸಿ. ಹಾಗಾಗಿ ಎರಡರದ್ದೂ ಇತಿಹಾಸ ಒಟ್ಟಿಗೆ ಹೇಳ್ತೀನಿ.

ಹೊಂಡದಲ್ಲಿ ಹುಟ್ಟಿದ ಪ್ರೊಪೆಲ್ಲರ್

ಹಡಗಿನ ಪ್ರೊಪೆಲ್ಲರ್ ಕಂಡುಹಿಡಿದವರು ಯಾರು ಅಂದ್ರೆ ಇತಿಹಾಸದಲ್ಲಿ ಹಲವು ಹೆಸರು ಬರತ್ತೆ. ಅದರಲ್ಲಿ ನನಗೆ ಇಷ್ಟವಾದವರು ಇಂಗ್ಲೆಂಡಿನ ಫ್ರಾನ್ಸಿಸ್ ಪೆಟಿಟ್ ಸ್ಮಿತ್. ಯಾಕೆ ಗೊತ್ತಾ? ಅವರು ಎಂಜಿನಿಯರ್ ಅಲ್ಲ, ರೈತ. ಲಂಡನ್ ಹತ್ತಿರ ಹೆಂಡನ್ ಅನ್ನೋ ಊರಲ್ಲಿ ಅವರ ಜಮೀನು. 1835ರಲ್ಲಿ ಸ್ಪ್ರಿಂಗ್‌ನಿಂದ ತಿರುಗೋ ಒಂದು ಆಟಿಕೆ ದೋಣಿ ಮಾಡಿ ಹೊಂಡಕ್ಕೆ ಬಿಟ್ಟು ನೋಡಿದ್ರು. 1836ರಲ್ಲಿ ಪೇಟೆಂಟ್ ತಗೊಂಡ್ರು.

ಅವರ ಮೊದಲ ದೊಡ್ಡ ಪ್ರೊಪೆಲ್ಲರ್ ಮರದ್ದು. ಈಗಿನ ಹಾಗೆ ರೆಕ್ಕೆ ಇರಲಿಲ್ಲ, ಸ್ಕ್ರೂ ಮೊಳೆಯ ತರ ಎರಡು ಸುತ್ತು ಸುತ್ತಿದ ಉದ್ದದ ತಿರುಪು. 1837ರಲ್ಲಿ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಪ್ರಯೋಗ ಮಾಡ್ತಿದ್ದಾಗ ಅದು ಯಾವುದಕ್ಕೋ ತಗಲಿ ಅರ್ಧ ಮುರಿದು ಹೋಯ್ತು. ದೋಣಿ ನಿಲ್ಲಬೇಕಿತ್ತಲ್ವಾ? ನಿಲ್ಲಲಿಲ್ಲ. ಇನ್ನೂ ಜೋರಾಗಿ ಓಡ್ತು! ಉದ್ದದ ತಿರುಪಿಗಿಂತ ಗಿಡ್ಡದ್ದೇ ಮೇಲು ಅಂತ ಮುರಿದ ಮರವೇ ಪಾಠ ಹೇಳಿಕೊಡ್ತು. ಅದು ಗಟ್ಟಿ ಕಬ್ಬಿಣದ್ದಾಗಿದ್ರೆ ಈ ಪಾಠ ಅಷ್ಟು ಬೇಗ ಸಿಕ್ತಿರಲಿಲ್ಲ.

ಮರದ ನಂತರ ಕಬ್ಬಿಣ ಬಂತು. 1843ರಲ್ಲಿ ನೀರಿಗಿಳಿದ ಗ್ರೇಟ್ ಬ್ರಿಟನ್ ಅನ್ನೋ ಕಬ್ಬಿಣದ ಹಡಗಿಗೆ ಆರು ರೆಕ್ಕೆಯ ಕಬ್ಬಿಣದ ಪ್ರೊಪೆಲ್ಲರ್ ಇತ್ತು. ಅಟ್ಲಾಂಟಿಕ್ ದಾಟೋ ಶುರುವಿನ ದಿನಗಳಲ್ಲೇ ಅದರ ರೆಕ್ಕೆಗಳು ಕಳಚಿ ಹೋದವು. 1845ರಲ್ಲಿ ಬ್ರಿಟಿಷ್ ನೌಕಾಪಡೆ ರ್‍ಯಾಟ್ಲರ್ ಅನ್ನೋ ಪ್ರೊಪೆಲ್ಲರ್ ಹಡಗನ್ನೂ, ಅಲೆಕ್ಟೋ ಅನ್ನೋ ಪಕ್ಕಚಕ್ರದ ಹಡಗನ್ನೂ ಬೆನ್ನಿಗೆ ಬೆನ್ನು ಹಗ್ಗ ಕಟ್ಟಿ ಎಳೆದಾಡಿಸ್ತು. ರ್‍ಯಾಟ್ಲರ್ ಗೆದ್ದು ಅಲೆಕ್ಟೋವನ್ನ ಹಿಂದಕ್ಕೆ ಎಳ್ಕೊಂಡು ಹೋಯ್ತು. ಪ್ರೊಪೆಲ್ಲರ್ ಬೇಕಾ ಬೇಡವಾ ಅನ್ನೋ ಜಗಳ ಅಲ್ಲಿಗೆ ಹೆಚ್ಚೂಕಡಿಮೆ ಮುಗೀತು. ಯಾವುದರಲ್ಲಿ ಮಾಡಬೇಕು ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ.

ಉಪ್ಪುನೀರಲ್ಲಿ ಕಬ್ಬಿಣ ತುಕ್ಕು ಹಿಡಿಯತ್ತೆ. ಅದಕ್ಕೆ ತಾಮ್ರ ಬೆರೆತ ಲೋಹ, ಅಂದ್ರೆ ಕಂಚು ಮತ್ತು ಅದರ ನೆಂಟರು ಬಂದರು. ಈಗಲೂ ಸಮುದ್ರದ ದೊಡ್ಡ ಬೋಟುಗಳಿಗೆ ಕಂಚಿನ ಜಾತಿಯ ಮಿಶ್ರಲೋಹವೇ ಹೆಚ್ಚು. 1909ರಲ್ಲಿ ಅಮೆರಿಕದ ಓಲ್ ಎವಿನ್‌ರೂಡ್ ತನ್ನ ಔಟ್‌ಬೋರ್ಡ್ ಮೋಟರನ್ನ ಮಾರುಕಟ್ಟೆಗೆ ತಂದ ಮೇಲೆ ಪ್ರೊಪೆಲ್ಲರ್ ಸಣ್ಣವರ ಕೈಗೂ ಬಂತು. ಆಗ ಹಗುರ, ಅಗ್ಗ, ರಿಪೇರಿಗೆ ಸುಲಭ ಅಂತ ಅಲ್ಯೂಮಿನಿಯಂ ಗೆದ್ದುಕೊಳ್ತು. ಕಲ್ಲಿಗೆ ತಗಲಿದ್ರೆ ಅಲ್ಯೂಮಿನಿಯಂ ರೆಕ್ಕೆ ಬಾಗತ್ತೆ, ತಟ್ಟಿ ನೇರ ಮಾಡಬಹುದು. ಸ್ಟೇನ್‌ಲೆಸ್ ಸ್ಟೀಲ್ ರೆಕ್ಕೆ ತೆಳ್ಳಗಿರತ್ತೆ, ಬಾಗಲ್ಲ, ಜೋರಾಗಿ ಓಡಿಸತ್ತೆ, ಬೆಲೆ ಹಲವು ಪಟ್ಟು. ಆದ್ರೆ ರೆಕ್ಕೆ ಬಾಗದೇ ಇದ್ರೆ ಕಲ್ಲಿನ ಪೆಟ್ಟು ಎಲ್ಲಿಗೆ ಹೋಗಬೇಕು? ಶಾಫ್ಟಿಗೆ, ಗೇರಿಗೆ. ಅದಕ್ಕೇ ಪ್ರೊಪೆಲ್ಲರ್ ನಡುವೆ ಜಾರೋ ರಬ್ಬರ್ ಬುಷ್ ಇಡ್ತಾರೆ, ಹಳೇ ಸಣ್ಣ ಮೋಟರಲ್ಲಿ ಬೇಕಂತಲೇ ಮುರಿಯೋ ಪಿನ್ ಹಾಕ್ತಿದ್ರು. ಯಾವುದೋ ಒಂದು ಮುರಿಯಲೇಬೇಕು ಅಂದ್ರೆ ಅಗ್ಗದ್ದು ಮೊದಲು ಮುರೀಲಿ ಅನ್ನೋ ಲೆಕ್ಕ. ಈ ಮಾತು ನೆನಪಿಟ್ಕೊಳ್ಳಿ, ಬೋರ್‌ವೆಲ್ ಒಳಗೆ ಮತ್ತೆ ಬೇಕಾಗತ್ತೆ.

ತೊಗಲಿನಿಂದ ಎರಕದ ಕಬ್ಬಿಣಕ್ಕೆ

ಈಗ ನಮ್ಮೂರಿಗೆ ಬರೋಣ. ನದಿ ಇಲ್ಲದ ಜಿಲ್ಲೆ ಹೇಗೆ ಬದುಕ್ತು? ಕೆರೆ ಕಟ್ಕೊಂಡು. ರಾಜ್ಯದಲ್ಲಿ ಅತಿ ಹೆಚ್ಚು ಕೆರೆಗಳ ಜಿಲ್ಲೆ ಅನ್ನೋ ಹೆಸರು ಕೋಲಾರಕ್ಕಿದೆ. ಕೆರೆ ತುಂಬಿದ್ರೆ ಕೆಳಗಿನ ಬಾವಿ ತುಂಬ್ತಿತ್ತು. ಬಾವಿಯಿಂದ ನೀರೆತ್ತೋಕೆ ಏತ, ಕಪಿಲೆ. ಏತಕ್ಕೆ ಮರದ ತೊಲೆ, ಕಪಿಲೆಗೆ ತೊಗಲಿನ ಚೀಲ ಮತ್ತು ಒಂದು ಜೊತೆ ಎತ್ತು. ಮರ, ತೊಗಲು, ಹಗ್ಗ ಮೂರೂ ಊರಲ್ಲೇ ಸಿಗ್ತಿತ್ತು, ಕೆಟ್ಟರೆ ಊರಲ್ಲೇ ರಿಪೇರಿ ಆಗ್ತಿತ್ತು. ಇನ್ನೊಂದು ವಿಷಯ: ಎತ್ತಿಗೆ ಸುಸ್ತಾದಾಗ ನೀರೆತ್ತೋದು ನಿಲ್ತಿತ್ತು. ಬಾವಿಗೂ ಉಸಿರಾಡೋಕೆ ಟೈಮ್ ಸಿಗ್ತಿತ್ತು.

ಆ ಹೊತ್ತಿಗೆ ಹೊರಗಡೆ ಪಂಪಿನ ಕಥೆ ಮುಂದೆ ಹೋಗಿತ್ತು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಜಾನ್ ಆಪೋಲ್ಡ್ ಅನ್ನೋರು ಒಂದು ಪಂಪ್ ಇಟ್ಟರು. ಅದರ ಚಕ್ರದ ರೆಕ್ಕೆಗಳು ನೇರ ಇರಲಿಲ್ಲ, ಬಾಗಿದ್ದವು. ನೇರ ರೆಕ್ಕೆಯ ಚಕ್ರಕ್ಕೆ ಕೊಟ್ಟ ಶಕ್ತಿಯಲ್ಲಿ ಶೇ 24ರಷ್ಟು ಮಾತ್ರ ನೀರೆತ್ತೋಕೆ ಬಳಕೆ ಆಗ್ತಿದ್ರೆ, ಬಾಗಿದ ರೆಕ್ಕೆಯದ್ದು ಶೇ 68ರ ತನಕ ಮುಟ್ತು. ಇವತ್ತು ನಿಮ್ಮ ತೋಟದ ಪಂಪಲ್ಲಿರೋ ಇಂಪೆಲ್ಲರ್ ಬಿಚ್ಚಿ ನೋಡಿ, ಅದೇ ಬಾಗು ಕಾಣತ್ತೆ.

ಪಂಪಿಗೆ ಕರೆಂಟ್ ಬೇಕು. ಅದರಲ್ಲಿ ಕೋಲಾರ ಹಿಂದೆ ಬಿದ್ದಿರಲಿಲ್ಲ. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅಲ್ಲಿ ಕಾವೇರಿ ನೀರು ಬಿದ್ದು ಚಕ್ರ ತಿರುಗ್ತು, ಆ ಶಕ್ತಿ ತಂತಿಯಲ್ಲಿ ಬಂದು ಇಲ್ಲಿ ಗಣಿಯ ಯಂತ್ರ ತಿರುಗಿಸ್ತು. ರೈತರ ಬಾವಿಗೆ ಮೋಟರ್ ಬರೋಕೆ ಇನ್ನೂ ಎಷ್ಟೋ ವರ್ಷ ಬೇಕಾಯ್ತು.

ಆ ಮೋಟರ್ ಪಂಪಿನ ಚಕ್ರ ಎರಕದ ಕಬ್ಬಿಣದ್ದು, ಅಂಗಡಿಯವರ ಭಾಷೆಯಲ್ಲಿ ಸಿಐ. ದಪ್ಪ, ಭಾರ, ಅಗ್ಗ. ಕೊಯಮತ್ತೂರಿಂದ ಲಾರಿಗಟ್ಟಲೆ ಬರ್ತಿತ್ತು. ಆದ್ರೆ ಮೇಲಿಟ್ಟ ಪಂಪು ನೀರನ್ನ ಹೀರೋದಕ್ಕೆ ಒಂದು ಮಿತಿ ಇದೆ. ಹೀರೋದು ಅಂದ್ರೆ ನಿಜವಾಗಿ ಗಾಳಿಯ ಒತ್ತಡ ನೀರನ್ನ ಮೇಲಕ್ಕೆ ತಳ್ಳೋದು. ಲೆಕ್ಕದಲ್ಲಿ 10 ಮೀಟರ್ ಚಿಲ್ಲರೆ, ನಿಜದಲ್ಲಿ ಆರೇಳು ಮೀಟರ್. ಕೋಲಾರದಂಥ ಎತ್ತರದ ಊರಲ್ಲಿ ಇನ್ನೂ ಕಮ್ಮಿ. ಬಾವಿಯ ನೀರು ಇಳಿದ ಹಾಗೆ ಜನ ಮೋಟರನ್ನೂ ಬಾವಿಯೊಳಗೆ ಇಳಿಸ್ತಾ ಹೋದ್ರು. ಬಾವಿಯ ಗೋಡೆಗೆ ಕಲ್ಲು ಚಪ್ಪಡಿ ಸಿಕ್ಕಿಸಿ ಅದರ ಮೇಲೆ ಮೋಟರ್ ಕೂರಿಸ್ತಿದ್ದ ಗುರುತು ಎಷ್ಟೋ ಹಾಳು ಬಾವಿಗಳಲ್ಲಿ ಈಗಲೂ ಕಾಣತ್ತೆ. ಒಂದರ ಕೆಳಗೆ ಒಂದು ಚಪ್ಪಡಿ. ಅದನ್ನ ನೋಡಿದ್ರೆ ನೀರು ಯಾವ ವೇಗದಲ್ಲಿ ಇಳೀತು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬೋರ್‌ವೆಲ್ ಒಳಗಿನ ಆಯ್ಕೆ

ಕೊನೇ ಚಪ್ಪಡಿಯ ಕೆಳಗೂ ನೀರು ಇಳಿದಾಗ ಬೋರ್‌ವೆಲ್ ಬಂತು. 1960ರ ದಶಕದ ಬರಗಾಲದಲ್ಲಿ ಗಟ್ಟಿ ಬಂಡೆ ಕೊರೆಯೋ ಯಂತ್ರಗಳು ದೇಶಕ್ಕೆ ಬಂದ ಮೇಲೆ, ಮೊದಲು ಕುಡಿಯೋ ನೀರಿನ ಬೋರಿಂಗು, ಅಂದ್ರೆ ಕೈಪಂಪು. ಆಮೇಲೆ ಬೇಸಾಯಕ್ಕೆ ಸಬ್‌ಮರ್ಸಿಬಲ್ ಮೋಟರು. ಈ ಮುಳುಗೋ ಪಂಪು ಹುಟ್ಟಿದ್ದು 1920ರ ದಶಕದ ಕೊನೆಯಲ್ಲಿ, ಅಮೆರಿಕದ ಎಣ್ಣೆ ಬಾವಿಗಳಲ್ಲಿ. ಅರ್ಮೈಸ್ ಅರುತುನೋಫ್ ಅನ್ನೋ ಎಂಜಿನಿಯರ್ ಮೋಟರನ್ನೇ ಕೊಳವೆಯೊಳಗೆ ಇಳಿಸಿದ್ರು. ಮೇಲಿಂದ ಹೀರೋದು ಬೇಡ, ಕೆಳಗಿಂದ ತಳ್ಳೋಣ ಅನ್ನೋದು ಉಪಾಯ. ಹೀರೋದಕ್ಕೆ ಮಿತಿ ಇದೆ, ತಳ್ಳೋದಕ್ಕೆ ಅಂಥ ಮಿತಿ ಇಲ್ಲ. ಕೋಲಾರದ ಕಥೆ ಬದಲಾಗಿದ್ದು ಈ ಒಂದು ವಾಕ್ಯದಲ್ಲಿ.

ಒಂದು ಇಂಪೆಲ್ಲರ್ ನೀರನ್ನ ಸುಮಾರು 10 ಮೀಟರ್ ತಳ್ಳತ್ತೆ ಅಂತ ಇಟ್ಕೊಳ್ಳಿ. 1,200 ಅಡಿ ಅಂದ್ರೆ 365 ಮೀಟರ್. ಅಲ್ಲಿಂದ ನೀರು ಮೇಲೆ ಬರಬೇಕಾದ್ರೆ ಮೂವತ್ತಾರು, ಮೂವತ್ತೇಳು ಇಂಪೆಲ್ಲರ್ ಒಂದರ ಮೇಲೊಂದು ಬೇಕು. ಒಂದೊಂದಕ್ಕೆ ಒಂದೊಂದು ಸ್ಟೇಜು ಅಂತಾರೆ. ನಿಮಿಷಕ್ಕೆ 2,850 ಸುತ್ತು ತಿರುಗೋವಾಗ, 10 ಸೆಂಟಿಮೀಟರ್ ಅಗಲದ ಚಕ್ರದ ಅಂಚು ಗಂಟೆಗೆ 50 ಕಿಲೋಮೀಟರ್‌ಗಿಂತ ಜೋರಾಗಿ ಓಡ್ತಿರತ್ತೆ. ಆ ವೇಗದಲ್ಲಿ ನೀರಿನ ಜೊತೆ ಮರಳು ಬಂದ್ರೆ ಏನಾಗತ್ತೆ? ನಮ್ಮದು ಗ್ರಾನೈಟ್ ಜಾತಿಯ ಬಂಡೆ. ಅದು ಸವೆದು ಬರೋ ಮರಳಲ್ಲಿ ಸ್ಫಟಿಕದ ಕಣ ಇರತ್ತೆ. ಸ್ಫಟಿಕ ಸ್ಟೀಲಿಗಿಂತ ಗಟ್ಟಿ. ಉಪ್ಪುಕಾಗದದಲ್ಲಿ ಹಗಲೂ ರಾತ್ರಿ ಉಜ್ಜಿದ ಹಾಗೆ.

ಈಗ ಅಂಗಡಿಗೆ ಹೋಗೋಣ. ನಾಲ್ಕು ಆಯ್ಕೆ ಸಿಗತ್ತೆ.

ಒಂದು, ಎರಕದ ಕಬ್ಬಿಣ. ಅಗ್ಗ, ಆದ್ರೆ ಆಳದ ಬೋರಿಗೆ ಭಾರ. ನಿಂತ ನೀರಲ್ಲಿ ತುಕ್ಕು ಕಟ್ಟಿ ಚಕ್ರ ಹಿಡ್ಕೊಂಡು ಬಿಡತ್ತೆ.

ಎರಡು, ಗನ್‌ಮೆಟಲ್. ಹೆಸರು ಫಿರಂಗಿಯಿಂದ ಬಂದದ್ದು. ಹಳೇ ನೌಕಾಪಡೆ ಲೆಕ್ಕದಲ್ಲಿ 88 ಪಾಲು ತಾಮ್ರ, 10 ಪಾಲು ತವರ, 2 ಪಾಲು ಸತು. ತುಕ್ಕಿಲ್ಲ, ಎರಕಕ್ಕೆ ಸುಲಭ, ಹಳೇದನ್ನ ಗುಜರಿಗೆ ಹಾಕಿದ್ರೂ ದುಡ್ಡು ಬರತ್ತೆ. ಆದ್ರೆ ಮೆತ್ತಗಿನ ಲೋಹ, ಮರಳಿಗೆ ಸವೆಯತ್ತೆ. ತಾಮ್ರದ ಬೆಲೆ ಏರಿದ ಹಾಗೆ ಇದರ ಬೆಲೆನೂ ಏರತ್ತೆ.

ಮೂರು, ನೋರಿಲ್. ನಮ್ಮ ಕಡೆ "ಪ್ಲಾಸ್ಟಿಕ್ ಇಂಪೆಲ್ಲರ್" ಅಂದುಬಿಡ್ತಾರೆ. 1956ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಅಲನ್ ಹೇ ಅನ್ನೋ ರಸಾಯನ ವಿಜ್ಞಾನಿ ಕಂಡುಹಿಡಿದ ವಸ್ತುವಿಗೆ ಪಾಲಿಸ್ಟೈರೀನ್ ಬೆರೆಸಿ 1966ರಲ್ಲಿ ಮಾರುಕಟ್ಟೆಗೆ ಬಿಟ್ಟಿದ್ದು. ನೀರು ಕುಡಿಯಲ್ಲ, ಉಬ್ಬಲ್ಲ, ತುಕ್ಕು ಹಿಡಿಯಲ್ಲ. ತೂಕ ಸ್ಟೀಲಿನ ಏಳನೇ ಒಂದು ಪಾಲಿನಷ್ಟು. ಮೂವತ್ತಾರು ಚಕ್ರ ಒಟ್ಟಿಗೆ ತಿರುಗಿಸೋವಾಗ ಈ ಹಗುರ ದೊಡ್ಡ ವಿಷಯ. ಮೈ ನುಣುಪು, ಉಪ್ಪು ಕಟ್ಟೋದೂ ಕಮ್ಮಿ. ಆದ್ರೆ ಬಿಸಿ ಇದರ ಶತ್ರು. ನೀರಿಲ್ಲದೆ ಮೋಟರ್ ಒಣಗಿ ಓಡಿದ್ರೆ ಒಳಗಿದ್ದ ಚೂರುಪಾರು ನೀರು ಕುದಿಯತ್ತೆ, ಸುಮಾರು 100 ಡಿಗ್ರಿ ದಾಟಿದ ಮೇಲೆ ಇಂಪೆಲ್ಲರ್ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳತ್ತೆ. ಹಾಗೆ ಅಂಟಿದ ಸ್ಟೇಜುಗಳ ರಾಶಿಯನ್ನ ಯಾವುದೇ ಮೋಟರ್ ರಿಪೇರಿ ಅಂಗಡಿಯ ಮೂಲೆಯಲ್ಲಿ ನೋಡಬಹುದು. ಬೇಸಿಗೆ ಕೊನೆಯಲ್ಲಿ ರಾಶಿ ಎತ್ತರವಾಗಿರತ್ತೆ.

ನಾಲ್ಕು, ಸ್ಟೇನ್‌ಲೆಸ್ ಸ್ಟೀಲ್. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಗೆ ಗಟ್ಟಿ ಉಕ್ಕು ಹುಡುಕ್ತಾ ಇದ್ದಾಗ ಸಿಕ್ಕ ಲೋಹದ ವಂಶದ್ದು. ಒಣಗಿ ಓಡಿದ್ರೂ ಕರಗಲ್ಲ, ತುಕ್ಕಿಲ್ಲ, ಸವೆತ ಗನ್‌ಮೆಟಲ್‌ಗಿಂತ ಕಮ್ಮಿ. ಬೆಲೆ ಜಾಸ್ತಿ.

ಹಾಗಾದ್ರೆ ಸ್ಟೀಲೇ ಗೆದ್ದ ಹಾಗಾಯ್ತಲ್ಲ? ದೋಣಿಯ ಪಾಠ ನೆನಪು ಮಾಡ್ಕೊಳ್ಳಿ. ಯಾವುದು ಮೊದಲು ಮುರೀಬೇಕು? ಬೋರಲ್ಲಿ ನೀರು ನಿಂತಾಗ ಸ್ಟೀಲ್ ಇಂಪೆಲ್ಲರ್ ಏನೂ ಆಗದೆ ತಿರುಗ್ತಾನೇ ಇರತ್ತೆ, ಆದ್ರೆ ಮೋಟರನ್ನ ತಂಪು ಮಾಡೋಕೆ ಅದರ ಮೈಮೇಲೆ ಹರಿಯೋ ನೀರು ಬೇಕು. ನೀರಿಲ್ಲ ಅಂದ್ರೆ ಬುಷ್ ಹೋಗತ್ತೆ, ವೈಂಡಿಂಗ್ ಸುಡತ್ತೆ. ಹತ್ತು ರೂಪಾಯಿ ಉಳಿಸೋಕೆ ಹೋಗಿ ನೂರು ಕಳ್ಕೊಂಡ ಹಾಗೆ. ಔಟ್‌ಬೋರ್ಡ್ ಮೋಟರಿನ ಒಳಗೂ ಎಂಜಿನ್ ತಂಪು ಮಾಡೋಕೆ ಒಂದು ಪುಟ್ಟ ರಬ್ಬರ್ ಇಂಪೆಲ್ಲರ್ ಇದೆ, ಒಣಗಿ ಓಡಿದ್ರೆ ಸ್ವಲ್ಪ ಹೊತ್ತಲ್ಲೇ ಹಾಳಾಗತ್ತೆ. ಅದಕ್ಕೆ ಮೀನುಗಾರರು ಮೋಟರ್ ಸ್ಟಾರ್ಟ್ ಮಾಡಿದ ತಕ್ಷಣ ಪಕ್ಕದಿಂದ ನೀರಿನ ಧಾರೆ ಬರ್ತಿದೆಯಾ ಅಂತ ನೋಡ್ತಾರೆ. ನಮ್ಮ ರೈತರಿಗೆ ಸಾವಿರ ಅಡಿ ಕೆಳಗೆ ಕಣ್ಣಿಲ್ಲ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬರತ್ತೆ, ಆಟೋ ಸ್ಟಾರ್ಟರ್ ತಾನೇ ಮೋಟರ್ ಹಾಕತ್ತೆ, ಮನೆಯವರು ಮಲಗಿರ್ತಾರೆ. ಹಾಗಾಗಿ ಯಾವ ಲೋಹ ಅನ್ನೋದಕ್ಕಿಂತ ಮೊದಲು, ನೀರು ನಿಂತ ತಕ್ಷಣ ಮೋಟರ್ ಆಫ್ ಮಾಡೋ ಡ್ರೈ ರನ್ ರಕ್ಷಣೆ ಪ್ಯಾನೆಲ್‌ನಲ್ಲಿ ಇದೆಯಾ ಅನ್ನೋದು ದೊಡ್ಡ ಪ್ರಶ್ನೆ. ಅದಿದ್ರೆ ನೋರಿಲ್ ಕೂಡ ವರ್ಷಗಟ್ಟಲೆ ಬಾಳತ್ತೆ. ಇಲ್ಲದಿದ್ರೆ ಸ್ಟೀಲೂ ಕಾಪಾಡಲ್ಲ.

ಮರಳಿನದ್ದೂ ಹಾಗೇ. ಕೇಸಿಂಗ್ ಪೈಪನ್ನ ಗಟ್ಟಿ ಬಂಡೆಯ ತನಕ ಇಳಿಸದೆ ಕಾಸು ಉಳಿಸಿದ್ರೆ ಮೇಲಿನ ಸಡಿಲ ಪದರದ ಮಣ್ಣು, ಮರಳು ಜೀವಮಾನವಿಡೀ ಒಳಗೆ ಬರ್ತಾನೇ ಇರತ್ತೆ. ಆಮೇಲೆ ಚಿನ್ನದ ಇಂಪೆಲ್ಲರ್ ಹಾಕಿದ್ರೂ ಅಷ್ಟೆ.

ಗಟ್ಟಿಯಾದಷ್ಟೂ ಆಳಕ್ಕೆ

ನಾನು ಶ್ರೀನಿವಾಸಪುರದ ಕಡೆಯವನು. ನಮ್ಮಲ್ಲಿ ಮಾವಿನ ತೋಟದ ಮಧ್ಯೆ ಬತ್ತಿದ ಬೋರುಗಳು ಎಷ್ಟಿವೆ ಅಂದ್ರೆ, ಕಲ್ಲು ಮುಚ್ಚಿರೋ ಕೇಸಿಂಗ್ ಪೈಪು ಮೈಲಿಗಲ್ಲಿನ ತರ ಕಾಣತ್ತೆ. ಒಂದು ಜಮೀನಲ್ಲಿ ಮೂರು, ನಾಲ್ಕು. ಒಂದೊಂದರ ಹಿಂದೆ ಒಂದೊಂದು ಸಾಲ, ಕೆಲವು ಸಲ ಮಾರಿದ ಒಡವೆ. ಈ ಜಿಲ್ಲೆಯಲ್ಲಿ 1,200, 1,500 ಅಡಿ ಕೊರೆಸೋದು ಈಗ ಸುದ್ದಿಯೇ ಅಲ್ಲ. ಅಷ್ಟು ಆಳದಿಂದ ಬರೋ ನೀರಲ್ಲಿ ಎಷ್ಟೋ ಕಡೆ ಫ್ಲೋರೈಡ್ ಬೇರೆ.

ಇತಿಹಾಸವನ್ನ ಮೇಲಿಂದ ನೋಡಿದ್ರೆ ಒಂದು ವಿಷಯ ಎದ್ದು ಕಾಣತ್ತೆ. ತೊಗಲಿನ ಚೀಲ ಎಷ್ಟು ಆಳಕ್ಕೆ ಹೋಗ್ತಿತ್ತೋ ಅಷ್ಟೇ ನೀರು ನಮ್ಮದಾಗಿತ್ತು. ಎರಕದ ಕಬ್ಬಿಣ ಬಂದಾಗ ಬಾವಿಯ ತಳದ ತನಕ ಹೋದ್ವಿ. ನೋರಿಲ್, ಸ್ಟೀಲ್ ಬಂದಾಗ ಬಂಡೆಯ ಬಿರುಕಿನ ತನಕ ಹೋದ್ವಿ. ಪ್ರತೀ ಸಲ ವಸ್ತು ಉತ್ತಮ ಆಯ್ತು, ನೀರು ಇನ್ನೂ ಕೆಳಗೆ ಹೋಯ್ತು. ತಪ್ಪು ಇಂಪೆಲ್ಲರ್‌ದಲ್ಲ. ಎತ್ತಿನ ಸುಸ್ತು ಹಾಕ್ತಿದ್ದ ಬ್ರೇಕನ್ನ ನಾವು ತೆಗೆದ್ವಿ, ಅದರ ಜಾಗಕ್ಕೆ ಬೇರೆ ಬ್ರೇಕ್ ಹಾಕಲಿಲ್ಲ. 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ಬಡ ರೈತರಿಗೆ ಅದು ಆಸರೆ, ಇಲ್ಲ ಅನ್ನಲ್ಲ. ಆದ್ರೆ ನೀರೆತ್ತೋದಕ್ಕೆ ಬಿಲ್ಲೇ ಇಲ್ಲದಾಗ ನೀರಿಗೂ ಲೆಕ್ಕ ಇಲ್ಲದ ಹಾಗಾಯ್ತು. ಅಂತರ್ಜಲ ನಿಯಂತ್ರಣಕ್ಕೆ ಅಂತ ರಾಜ್ಯದಲ್ಲಿ 2011ರ ಕಾಯ್ದೆ ಇದೆ. ಮಾಲೂರು ಕಡೆ ಎಕರೆಗಟ್ಟಲೆ ಬೆಳೆದ ನೀಲಗಿರಿಗೆ 2017ರಲ್ಲಿ ಹೊಸದಾಗಿ ನೆಡೋ ಹಾಗಿಲ್ಲ ಅಂತ ತಡೆ ಬಂತು. ಅಷ್ಟು ಹೊತ್ತಿಗೆ ಬೋರುಗಳು ಪಾತಾಳ ಮುಟ್ಟಿದ್ದವು.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಕಳಿಸೋ ನೀರು. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಕಾಣಿಸ್ಕೊಂಡಿತು, ವಿಷಯ ಕೋರ್ಟಿಗೆ ಹೋಯ್ತು, ನೀರು ನಿಂತು ಮತ್ತೆ ಬಂತು. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನೋ ಹೋರಾಟ ಮುಂದುವರೀತು. ಆ ಕೂಗು ನ್ಯಾಯವಾದದ್ದು, ಯಾಕಂದ್ರೆ ಕೆರೆಗೆ ಬಿಟ್ಟಿದ್ದು ಕೊನೆಗೆ ಬೋರಿಗೇ ಇಳಿಯೋದು. ಇನ್ನೊಂದು ಕಡೆ, ಕೆರೆ ತುಂಬಿದ ಊರುಗಳಲ್ಲಿ ಬತ್ತಿದ ಬೋರಲ್ಲಿ ನೀರು ಮೇಲೆ ಬಂತು ಅಂತ ಹೇಳೋ ರೈತರೂ ಇದ್ದಾರೆ. 2021ರ ನವೆಂಬರ್ ಮಳೆಗೆ ಎಷ್ಟೋ ಕೆರೆಗಳು ವರ್ಷಗಳ ನಂತರ ಕೋಡಿ ಬಿದ್ದವು. ಎರಡೂ ಮಾತು ನಿಜ, ಎರಡನ್ನೂ ಒಟ್ಟಿಗೆ ಹಿಡ್ಕೊಂಡೇ ಯೋಚನೆ ಮಾಡಬೇಕು.

ಕೊನೆಗೆ, ನಿಮ್ಮ ಮನೆಯಲ್ಲಿ ಈ ಬೇಸಿಗೆಗೆ ಮೋಟರ್ ಎತ್ತಿಸೋ ಮಾತು ಬಂದ್ರೆ, ಅಪ್ಪನ ಜೊತೆ ನೀವೂ ಅಂಗಡಿಗೆ ಹೋಗಿ. ಮೂರು ವಿಷಯ ಕೇಳಿ. ಒಂದು, ಹಳೇ ಇಂಪೆಲ್ಲರ್ ಬಿಚ್ಚಿದಾಗ ಅದು ಸವೆದಿದೆಯಾ, ಕರಗಿದೆಯಾ, ಉಪ್ಪು ಕಟ್ಟಿದೆಯಾ? ಸವೆದಿದ್ರೆ ಮರಳಿನ ಸಮಸ್ಯೆ, ಕರಗಿದ್ರೆ ನೀರು ನಿಂತ ಸಮಸ್ಯೆ. ಕಾಯಿಲೆ ಯಾವುದು ಅಂತ ಆ ಚಕ್ರವೇ ಹೇಳತ್ತೆ. ಎರಡು, ಈಗ ನೀರು ಎಷ್ಟು ಅಡಿಯಲ್ಲಿದೆ? ಮೇಲೆ ಬಂದಿದ್ರೆ ಪಂಪನ್ನೂ ಮೇಲೆ ತರಬಹುದು, ಕಮ್ಮಿ ಸ್ಟೇಜಿನ ಪಂಪು, ಕಮ್ಮಿ ಎಚ್‌ಪಿ ಸಾಕಾಗಬಹುದು. ಮೂರು, ಡ್ರೈ ರನ್ ರಕ್ಷಣೆ ಇದೆಯಾ? ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ನೋರಿಲ್ಲಾ ಸ್ಟೀಲಾ ಅನ್ನೋದನ್ನ ನಿಮ್ಮ ಜೇಬು ನೋಡಿ ತೀರ್ಮಾನ ಮಾಡಿ.

ಮತ್ತೆ, ಮೋಟರ್ ಎತ್ತೋ ಗಾಡಿಗೆ, ಪೈಪಿಗೆ, ಕೇಬಲ್ಲಿಗೆ ಆಗೋ ಖರ್ಚು ಬರೆದಿಡುವಾಗ, ಅದೇ ಪುಸ್ತಕದಲ್ಲಿ ನಿಮ್ಮೂರ ಕೆರೆಯ ರಾಜಕಾಲುವೆ ತೆರೆದಿದೆಯಾ ಅಂತಾನೂ ಒಂದು ಸಾಲು ಬರೆದಿಡಿ. ಇಂಪೆಲ್ಲರ್ ಅಂಗಡಿಯಲ್ಲಿ ಸಿಗತ್ತೆ. ಅದು ತಳ್ಳಬೇಕಾದ ನೀರು ಆ ಕಾಲುವೆಯಲ್ಲೇ ಬರಬೇಕು.